ಜೀವಕೋಶದ ಮಾದರಿಯ ಗಣಕಯಂತ್ರ

ಯಂತ್ರವು ತನ್ನಂತಹುದೇ ಆದ ಮತ್ತೊಂದು ಯಂತ್ರವನ್ನು ನಿರ್ಮಿಸಬಲ್ಲುದೇ? ಈ ಪ್ರಶ್ನೆಯನ್ನು ಗಣಿತಜ್ಞರಾದ ಜಾನ್ ವಾನ್ ನಾಯ್ಮನ್ನರು 1948ರಲ್ಲಿ ಅಮೆರಿಕದ ಪ್ಯಾಸಡೀನಾದ ವಿದ್ವತ್ಸಭೆಯೊಂದರಲ್ಲಿ ವಿಚಾರಕ್ಕೆ ತಂದರು. ನಿರ್ಮಾಣಕ್ಕೆ ಬೇಕಾದ ಲೇಖವು ಯಂತ್ರದಲ್ಲಿಯೇ ಇರಬೇಕು. ಆದರೆ ಆ ಲೇಖದಲ್ಲಿ ಲೇಖದ ವರ್ಣನೆಯೂ ಸೇರಬೇಕೆಂದರೆ ವರ್ಣನೆಗೆ ಕೊನೆಯೇ ಇರದು. ಇದಕ್ಕೆ ಅವರು ಕಂಡ ಪರಿಹಾರವು ಸರಳವಾದುದು: ಒಂದೇ ಲೇಖವನ್ನು ಒಮ್ಮೆ ಆಜ್ಞೆಯೆಂದು ಓದಿ ನಡೆಸತಕ್ಕದ್ದು, ಮತ್ತೊಮ್ಮೆ ಅರ್ಥವನ್ನು ನೋಡದೆ ಪ್ರತಿಮಾಡಿ ಹೊಸ ಯಂತ್ರಕ್ಕೆ ಕೊಡತಕ್ಕದ್ದು. ವಂಶಲೇಖವನ್ನು ಹೊತ್ತ ಡಿ. ಎನ್. ಎ. ಅಣುವಿನ ರಚನೆಯು ತಿಳಿದುದು 1953ರಲ್ಲಿ. ಜೀವಕೋಶದಲ್ಲಿಯೂ ಲೇಖಕ್ಕೆ ಈ ಎರಡು ಉಪಯೋಗಗಳೇ ಇರುವುವೆಂದು ಮುಂದೆ ಸಿದ್ಧವಾಯಿತು. ನಾಯ್ಮನ್ನರು 1957ರಲ್ಲಿ ತೀರಿಕೊಂಡರು. ಒಂದೊಂದು ಮನೆಗೂ 29 ಸ್ಥಿತಿಗಳುಳ್ಳ ಅವರ ಚೌಕಮನೆಗಳ ಯಂತ್ರವನ್ನು ಆರ್ಥರ್ ಬರ್ಕ್ಸ್ ಅವರು 1966ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ಕಾಗದದ ಮೇಲಿದ್ದ ಈ ತತ್ತ್ವವನ್ನು 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಡಾನಿಯೆಲ್ ಮಾಂಜ್ ಮತ್ತು ಅವರ ಸಹೋದ್ಯೋಗಿಗಳು ವಿದ್ಯುನ್ಮಂಡಲಗಳಲ್ಲಿ ಪ್ರಯೋಗಿಸಿದರು. ಪ್ರಾಣಿಯ ದೇಹದಲ್ಲಿ ಸ್ನಾಯುವಿನ ಕೋಶವೂ ನರದ ಕೋಶವೂ ಸಾಮಾನ್ಯವಾಗಿ ಒಂದೇ ವಂಶಲೇಖವನ್ನು ಪಡೆದಿರುವುವು. ಯಾವ ಭಾಗವು ವ್ಯಕ್ತವಾಗುವುದೆಂಬುದರಿಂದ ಕೋಶಗಳಲ್ಲಿ ಭೇದವುಂಟಾಗುವುದು. ಅದರಂತೆಯೇ ಇಲ್ಲಿಯೂ ಪ್ರತಿಯೊಂದು ಕೋಶದಲ್ಲಿ ಸಮಗ್ರ ಲೇಖವಿರುವುದು. ಕೋಶವು ನೆರೆಯ ಕೋಶದಿಂದ ಅದರ ಸ್ಥಾನಸಂಖ್ಯೆಯನ್ನು ಪಡೆದು, ಒಂದನ್ನು ಕೂಡಿಸಿ, ತನ್ನ ಸ್ಥಾನವನ್ನರಿತು, ಅದಕ್ಕೆ ತಕ್ಕ ಭಾಗವನ್ನು ಮಾತ್ರ ನಡೆಸುವುದು. ನಿಮಿಷ ಸೆಕೆಂಡುಗಳನ್ನೆಣಿಸುವ ಗಡಿಯಾರವನ್ನು ನೋಡಿರಿ. ಅದಕ್ಕೆ ನಾಲ್ಕು ಕೋಶಗಳು ಸಾಕು: ಬಿಡಿಸ್ಥಾನದ ಎರಡು ಹತ್ತರವರೆಗೂ, ಹತ್ತರ ಸ್ಥಾನದ ಎರಡು ಆರರವರೆಗೂ ಎಣಿಸುವುವು. ಎರಡು ವಿದ್ಯೆಗಳನ್ನೂ ನಾಲ್ಕೂ ಬಲ್ಲವು. ಒಂದೊಂದೂ ಒಂದನ್ನೇ ನಡೆಸುವುದು.

ಇದು ದುಂದುಗಾರಿಕೆಯೆಂದು ತೋರಬಹುದು. ಆದರೆ ಒಂದು ಕೋಶವು ಕೆಟ್ಟಾಗ ಇದರ ಪ್ರಯೋಜನವು ಕಾಣುವುದು. ಕೆಟ್ಟ ಕೋಶವಿರುವ ಕಂಬಸಾಲೆಲ್ಲ ಕೆಲಸದಿಂದ ಹಿಂದೆಗೆಯುವುದು. ಅದರ ಬಲಗಡೆಯ ಸಾಲುಗಳ ಸ್ಥಾನಸಂಖ್ಯೆಯು ಬದಲಾಗಿ, ಕೊನೆಯಲ್ಲಿ ಸುಮ್ಮನಿದ್ದ ಮೀಸಲು ಸಾಲು ಕೆಲಸಕ್ಕೆ ಬರುವುದು. ಹೊಸ ಕೆಲಸದ ಲೇಖವು ಮೊದಲೇ ಕೋಶದಲ್ಲಿರುವುದರಿಂದ ಹೊರಗಿನಿಂದ ಅದನ್ನು ತರಬೇಕಾಗಿಲ್ಲ.

ಆದರೂ ಜೀವದೊಡನೆ ಇದರ ಸಾದೃಶ್ಯಕ್ಕೆ ಮೇರೆಯುಂಟು. ಮೀಸಲು ಸಾಲುಗಳು ಮುಗಿದ ಮೇಲೆ ಬರುವ ಕೇಡಿಗೆ ಇಲ್ಲಿ ಮದ್ದಿಲ್ಲ. ಬೀಜವು ಮಣ್ಣುನೀರುಗಳಿಂದ ದೇಹವನ್ನು ಕಟ್ಟಿಕೊಳ್ಳುವುದು. ಈ ಯಂತ್ರವಾದರೋ ಮನುಷ್ಯನು ಮೊದಲೇ ಮಾಡಿಟ್ಟ ಸಿಲಿಕಾನ್ ಮಂಡಲಗಳಲ್ಲಿ ತನ್ನ ವಿನ್ಯಾಸವನ್ನು ಮಾತ್ರ ತುಂಬುವುದು. ಆದುದರಿಂದ ನಾಯ್ಮನ್ನರ ಪ್ರಶ್ನೆಗೆ ಲೋಸಾನಿನ ಪ್ರಯೋಗವು ಕೊಟ್ಟುದು ಅರ್ಧ ಉತ್ತರವೆನ್ನಬೇಕು: ಲೇಖವು ತನ್ನನ್ನು ಪ್ರತಿಮಾಡಿಕೊಂಡಿತು, ದೇಹವನ್ನು ಇನ್ನೂ ನಾವೇ ಒದಗಿಸಬೇಕಾಯಿತು.