ಮನೆಯ ಗಾಜಿನ ತೊಟ್ಟಿಯಲ್ಲಿ ಗೋಬಿ ಮೀನಿನ ಪಾಲನೆ

ಮಕ್ಕಳ ವಿನೋದಕ್ಕೆಂದು ಮನೆಯಲ್ಲಿ ಗಾಜಿನ ತೊಟ್ಟಿಯನ್ನಿರಿಸಿ, ಅದರಲ್ಲಿ ಬಿಟ್ಟ ಮೀನುಗಳು ಎಂಟು ದಿನಗಳೊಳಗೆ ಸತ್ತುವೆಂದು ವ್ಯಸನಪಡುವ ಮಹನೀಯರನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಸಂಚಾರದಲ್ಲಿ ಮೇಲಿಂದ ಮೇಲೆ ಕಂಡಿದ್ದೇನೆ. ತೊಟ್ಟಿಯ ಮೀನು ಸಾಯುವುದು ಬಹುಮಟ್ಟಿಗೆ ಹಸಿವಿನಿಂದಲ್ಲ, ನೀರಿನ ದೋಷದಿಂದ. ಇದನ್ನು ನಮ್ಮ ಸೀಮೆಯದೇ ಆದ ಗೋಬಿ ಮೀನಿನ ನಿದರ್ಶನದಿಂದ ವಿವರಿಸುವೆನು.

ತುಂಗಭದ್ರಾ, ವರದಾ ನದಿಗಳ ಮರಳುತಳಕ್ಕೆ ಅಂಟಿದಂತೆ ಬಿದ್ದಿರುವ ಕಂದುಮಚ್ಚೆಯ ಮೀನೇ ಇದು. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳಲ್ಲಿ ಸಂಚರಿಸಿದ ಬುಕಾನನ್ ಎಂಬ ವೈದ್ಯನು 1822ರಲ್ಲಿ ಪ್ರಕಟವಾದ ತನ್ನ ಗಂಗಾನದಿಯ ಮೀನುಗಳ ಗ್ರಂಥದಲ್ಲಿ ಇದನ್ನು ವರ್ಣಿಸಿರುವನು. ಗ್ಲಾಸೋಗೋಬಿಯಸ್ ಗ್ಯೂರಿಸ್ ಎಂಬುದು ಇದರ ಶಾಸ್ತ್ರೀಯ ನಾಮ. ಬೆನ್ನಿನ ಮೇಲೆ ಎರಡು ಬೇರೆಬೇರೆ ರೆಕ್ಕೆಗಳಿರುವುದೂ, ಹೊಟ್ಟೆಯಡಿಯ ಎರಡು ರೆಕ್ಕೆಗಳು ಕೂಡಿ ಬಟ್ಟಲಿನಾಕಾರವಾಗಿರುವುದೂ ಇದರ ಗುರುತು. ಬಲಿತರೆ ಒಂದಡಿಗೂ ಮಿಕ್ಕಿ ಬೆಳೆಯಬಲ್ಲುದಾದುದರಿಂದ ಎರಡು ಮೂರು ಅಂಗುಲದ ಮರಿಗಳನ್ನೇ ಆರಿಸತಕ್ಕದ್ದು. ಗುತ್ತಿಗೆಯ ಕೆರೆಯಿಂದ ತರುವುದಾದರೆ ಗುತ್ತಿಗೆದಾರನ ಒಪ್ಪಿಗೆ ಅವಶ್ಯ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯು ಸುಮಾರು 56 ಲೀಟರ್ ನೀರು ಹಿಡಿಯುವುದು. ಇದರಲ್ಲಿ ಎರಡು ಮೂರು ಮರಿಗಳಿಗಿಂತ ಹೆಚ್ಚು ಬೇಡ. ತಳದಲ್ಲಿ ಎರಡಂಗುಲ ತೊಳೆದ ಸಣ್ಣ ಮರಳನ್ನು ಹರಡಿ, ಅಡಗುವುದಕ್ಕೆ ಒಡೆದ ಮಡಕೆಯ ಚೂರನ್ನಿಡಬೇಕು. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯವೆಂಬ ವಿಷವುಂಟಾಗುತ್ತದೆ. ಮರಳಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವುವು. ಹೊಲದಲ್ಲಿ ಗೊಬ್ಬರದ ಸತ್ತ್ವವು ಪೈರಿಗೆ ಒದಗುವ ಕ್ರಮವೂ ಇದೇ ಅಲ್ಲವೆ? ಆ ಜೀವಿಗಳು ನೆಲೆಗೊಳ್ಳಲು 4ರಿಂದ 6 ವಾರಗಳು ಬೇಕು. ಆದುದರಿಂದ ಮೊದಲು ಒಂದೇ ಮರಿಯನ್ನು ಬಿಟ್ಟು, ಉಳಿದುವನ್ನು ತರುವಾಯ ಸೇರಿಸುವುದು ಲೇಸು. ಶುಚಿಯೆಂದು ಭ್ರಮಿಸಿ ನೀರನ್ನೆಲ್ಲಾ ಚೆಲ್ಲಿ ಮರಳನ್ನು ಉಜ್ಜಿ ತೊಳೆದರೆ ಆ ಜೀವಿಗಳೂ ನಾಶವಾಗುವುವು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಸಾಕು. ಕ್ಲೋರೀನ್ ಬೆರೆತ ನಲ್ಲಿಯ ನೀರನ್ನು ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟೂ, ಕೊಳವೆಬಾವಿಯ ನೀರನ್ನು ಗಾಳಿ ಬೆರೆಯುವಂತೆ ಮೇಲಿಂದ ಹಲವು ಸಲ ಸುರಿದೂ ಬಳಸತಕ್ಕದ್ದು.

ಬೇಸಗೆಯಲ್ಲಿ ವಿಶೇಷ ಜಾಗರೂಕತೆ ಬೇಕು. 20 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟು ಮಾತ್ರ ಹಿಡಿಯುವುದು. ತಳದಲ್ಲಿರತಕ್ಕ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಉಸಿರಿನ ಕೊರತೆಯ ಲಕ್ಷಣ. ತೊಟ್ಟಿಯನ್ನು ಬಿಸಿಲಿನಿಂದ ದೂರವಿರಿಸಿ, ಗಾಳಿ ಊದುವ ಯಂತ್ರವನ್ನು ನಡೆಯಿಸಬೇಕು.

ಗೋಬಿಯು ಮಾಂಸಾಹಾರಿ. ಮಂಡಕ್ಕಿ, ಅನ್ನಗಳನ್ನು ಹಾಕಿದರೆ ಅವು ಕೊಳೆತು ನೀರು ಕೆಡುವುದೇ ಹೊರತು ಮೀನಿಗೆ ಪ್ರಯೋಜನವಿಲ್ಲ. ಎರೆಹುಳುವಿನ ಚೂರು, ಸೊಳ್ಳೆಯ ಮರಿಹುಳುಗಳನ್ನು ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಸಣ್ಣ ಮೀನುಗಳನ್ನು ಜೊತೆಗಿಟ್ಟರೆ ಅವನ್ನೂ ನುಂಗಿಬಿಡುವುದು.

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಮೆಣಸಿನ ಹೊಲದಲ್ಲಿ ಔಷಧ ಸಿಂಪಡಿಸುವ ಕ್ರಮವನ್ನು ತೋರಿಸಿ ಮನೆಗೆ ಬಂದವನು, ಸಾಬೂನು ಹಚ್ಚದೆ ಕೈಯನ್ನು ತೊಟ್ಟಿಯಲ್ಲಿ ಅದ್ದಿದೆನು. ಬೆಳಗಾಗುವಷ್ಟರಲ್ಲಿ ಮೂರು ಮೀನುಗಳೂ ಸತ್ತಿದ್ದುವು. ಸೈಪರ್‌ಮೆಥ್ರಿನ್ ಮೊದಲಾದ ಔಷಧಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ಮಾರಕವಾದುವು. ಬೆರಳಿಗಂಟಿದ ಲೇಶವೇ ಇಷ್ಟು ಮಾಡಿದ ಮೇಲೆ, ಸಿಂಪಡಿಸುವ ಪಂಪನ್ನೂ ಖಾಲಿ ಡಬ್ಬಿಯನ್ನೂ ಊರ ಕೆರೆಯಲ್ಲಿ ತೊಳೆದರೆ ಏನಾದೀತು? ದನಕರುಗಳು ನೀರು ಕುಡಿಯುವುದೂ ಅದೇ ಕೆರೆಯಲ್ಲಿ. ಊರ ಹಿರಿಯರೂ ಭೂಹಿಡುವಳಿದಾರರೂ ಈ ರೂಢಿಯನ್ನು ತಮ್ಮ ತಮ್ಮ ಗ್ರಾಮಗಳಲ್ಲಿ ನಿಲ್ಲಿಸಬೇಕೆಂದು ವಿನಯಪೂರ್ವಕವಾಗಿ ಸೂಚಿಸುತ್ತೇನೆ.