ಗಡಿಯಾಚೆಯ ಮನೆಯಲ್ಲಿ ಕನ್ನಡ ವಾಹಿನಿ: ಡಿಶ್ ಮತ್ತು ಬಾಕ್ಸ್ ಕೊಳ್ಳುವ ಮುನ್ನ

ಹೊಸ ಟಿವಿ ಬಂದ ಮನೆಗೆ ಡಿಶ್ ಜೋಡಿಸಲು ಬಂದವರು ಸೊಲ್ಲಾಪುರದಲ್ಲಾದರೆ ಮರಾಠಿ ಪ್ಯಾಕ್, ಹೊಸೂರಿನಲ್ಲಾದರೆ ತಮಿಳು ಪ್ಯಾಕ್, ಕಾಸರಗೋಡಿನಲ್ಲಾದರೆ ಮಲಯಾಳಂ ಪ್ಯಾಕ್ ಹಾಕಿ ಹೊರಡುವುದು ವಾಡಿಕೆ. ಅದರಲ್ಲಿ ದುರುದ್ದೇಶವೇನೂ ಇಲ್ಲ. ಆಯಾ ರಾಜ್ಯದಲ್ಲಿ ಹೆಚ್ಚು ಮಾರಾಟವಾಗುವುದನ್ನು ಅವರು ಕೊಡುತ್ತಾರೆ. ಆದರೆ ಕನ್ನಡವೊಂದನ್ನೇ ಬಲ್ಲ ಅಜ್ಜಿ, ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಓದುವ ಮೊಮ್ಮಗು ಒಂದೇ ಸೂರಿನಡಿ ಇರುವ ನಮ್ಮ ಮನೆಗಳಲ್ಲಿ ಈ ವಾಡಿಕೆಯಿಂದಾಗುವ ನಷ್ಟ ಸಣ್ಣದಲ್ಲ. ‘ಇಲ್ಲಿ ಕನ್ನಡ ಬರುವುದಿಲ್ಲ’ ಎಂಬ ಮಾತನ್ನು ನಂಬಿ ಸುಮ್ಮನಾದವರು ನಮ್ಮಲ್ಲಿ ಅನೇಕರು. ಕೇಬಲ್ಲಿನ ಮಟ್ಟಿಗೆ ಆ ಮಾತು ಕೆಲವೊಮ್ಮೆ ನಿಜವಾಗಬಹುದು. ಉಪಗ್ರಹದ ಮಟ್ಟಿಗೆ ಅದು ನಿಜವಲ್ಲ.

ಉಪಗ್ರಹಕ್ಕೆ ರಾಜ್ಯದ ಗಡಿಯಿಲ್ಲ

ಕೇಬಲ್ ಜಾಲದಲ್ಲಿ ಯಾವ ವಾಹಿನಿಯನ್ನು ಹರಿಸಬೇಕೆಂಬುದನ್ನು ಬಹುಮಟ್ಟಿಗೆ ಸ್ಥಳೀಯ ಸಂಸ್ಥೆಯೇ ನಿರ್ಧರಿಸುತ್ತದೆ. ಡಿಟಿಎಚ್ ಹಾಗಲ್ಲ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನೆಲೆನಿಂತ ಉಪಗ್ರಹವು ಇಡೀ ದೇಶಕ್ಕೆ ಒಂದೇ ಸಂಕೇತವನ್ನು ಸುರಿಸುತ್ತದೆ. ಬೆಂಗಳೂರಿನ ಮನೆಗೆ ಬರುವ ಕನ್ನಡ ವಾಹಿನಿ ಜತ್ತದ ಮಾಳಿಗೆಗೂ ಆದೋನಿಯ ಅಂಗಳಕ್ಕೂ ತಲುಪಿಯೇ ಇರುತ್ತದೆ. ಅದನ್ನು ತೆರೆದು ತೋರಿಸುವುದು ಬಾಕ್ಸ್ ಮತ್ತು ಅದಕ್ಕೆ ಹಾಕಿಸಿಕೊಂಡ ಪ್ಯಾಕ್. ದೂರದರ್ಶನದ ಫ್ರೀ ಡಿಶ್ ಸೇವೆಯನ್ನು ಹೊತ್ತಿರುವ ಜಿಸ್ಯಾಟ್-15 ಉಪಗ್ರಹವು 2015ರಲ್ಲಿ ಫ್ರೆಂಚ್ ಗಯಾನಾದಿಂದ ಹಾರಿತು. ಅದರ ನಿಯಂತ್ರಣ ಹಾಸನದಲ್ಲಿರುವ ಇಸ್ರೋ ಕೇಂದ್ರದ್ದು.

ಫ್ರೀ ಡಿಶ್ ಸಾಕೇ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬಾಕ್ಸಿನ ಬೆಲೆಯದಲ್ಲ. ಮನೆಯವರು ಏನು ನೋಡುತ್ತಾರೆ ಎಂಬುದು. ಡಿಶ್ ಮತ್ತು ಬಾಕ್ಸಿಗೆ ಒಮ್ಮೆ ಹಣ ಕೊಟ್ಟರೆ ಫ್ರೀ ಡಿಶ್‌ಗೆ ತಿಂಗಳ ಶುಲ್ಕವಿಲ್ಲ. ಅದರಲ್ಲಿ ಚಂದನ ದೊರೆಯುತ್ತದೆ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ, ಸರಿಯುತ್ತರಕ್ಕೆ ಪುಸ್ತಕವನ್ನೇ ಬಹುಮಾನವಾಗಿ ಕೊಡುವ ‘ಥಟ್ ಅಂತ ಹೇಳಿ’ ಚಂದನದ್ದೇ ಕಾರ್ಯಕ್ರಮ. ಕೊರೊನಾ ಕಾಲದಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆಯ ‘ಸಂವೇದ’ ಪಾಠಗಳೂ ಅದರಲ್ಲಿಯೇ ಪ್ರಸಾರವಾದವು. ಕೇರಳ, ಮಹಾರಾಷ್ಟ್ರಗಳ ಪಠ್ಯಕ್ರಮ ಬೇರೆಯಾದುದರಿಂದ ಅವು ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠಕ್ಕೆ ಪಾಠ ಹೊಂದಲಾರವು. ಆದರೂ ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ವಿವರಿಸುವ ದನಿಯನ್ನು ಮಗು ಮನೆಯಲ್ಲಿಯೇ ಕೇಳುವಂತಾದುದು ಚಿಕ್ಕ ಲಾಭವಲ್ಲ.

ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಮುಂತಾದವು ಹಣ ಕೊಟ್ಟು ನೋಡುವ ವಾಹಿನಿಗಳು. ಅವುಗಳ ಧಾರಾವಾಹಿಗಾಗಿ ಫ್ರೀ ಡಿಶ್ ಕೊಂಡರೆ ನಿರಾಶೆಯೇ ಗತಿ. ಫ್ರೀ ಡಿಶ್‌ನಲ್ಲಿ ಖಾಸಗಿ ವಾಹಿನಿಗಳ ಸ್ಥಾನಗಳು ಹರಾಜಿನಿಂದ ಹಂಚಿಕೆಯಾಗುವುದರಿಂದ ಆ ಪಟ್ಟಿ ಬದಲಾಗುತ್ತಲೂ ಇರುತ್ತದೆ. ಧಾರಾವಾಹಿ, ಸಿನಿಮಾ ಬೇಕೆನ್ನುವ ಮನೆಗೆ ಖಾಸಗಿ ಡಿಟಿಎಚ್ ಸೇವೆಯೇ ದಾರಿ.

ಬಾಕ್ಸಿನಲ್ಲಿ ನೋಡಬೇಕಾದುದು

ಫ್ರೀ ಡಿಶ್‌ಗೆಂದು ಕೊಳ್ಳುವಾಗ ಎಂಪಿಇಜಿ-4 ಬಾಕ್ಸನ್ನೇ ಕೇಳಬೇಕು. ಹಳೆಯ ಎಂಪಿಇಜಿ-2 ಬಾಕ್ಸ್ ಅಗ್ಗಕ್ಕೆ ಸಿಕ್ಕೀತು. ಆದರೆ ಹೊಸ ವಿಧಾನದಲ್ಲಿ ಬರುವ ವಾಹಿನಿಗಳನ್ನು ಅದು ತೋರಿಸದು. ಖಾಸಗಿ ಸೇವೆಗಳಲ್ಲಿ ಒಂದು ಕಂಪನಿಯ ಬಾಕ್ಸ್ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ, ಏಕೆಂದರೆ ಪ್ರತಿಯೊಂದರ ಬೀಗವೂ ಬೇರೆ. ನೆಂಟರು ಬಿಟ್ಟುಕೊಟ್ಟ ಬಾಕ್ಸ್ ಕೈಗೆ ಬಂದರೆ ಅದು ಯಾವ ಕಂಪನಿಯದು, ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ವಿಚಾರಿಸಬೇಕು. ಮಂಗಳೂರಿನ ಅಥವಾ ವಿಜಯಪುರದ ನೆಂಟರ ವಿಳಾಸದಲ್ಲಿ ಸಂಪರ್ಕ ಪಡೆದು ಗಡಿ ದಾಟಿಸುವ ರೂಢಿಯೂ ಉಂಟು. ಚಿತ್ರವೇನೋ ಬರುತ್ತದೆ, ದುರಸ್ತಿಗೆ ಬರುವವರು ಮಾತ್ರ ನೋಂದಾಯಿತ ವಿಳಾಸಕ್ಕೇ ಹೋಗುತ್ತಾರೆ. ಕನ್ನಡ ಪ್ಯಾಕ್ ನಮ್ಮ ಸ್ವಂತ ವಿಳಾಸಕ್ಕೇ ದೊರೆಯುವಾಗ ಈ ಸುತ್ತುದಾರಿಯ ಅಗತ್ಯವಿಲ್ಲ.

ಯಾವ ದಿಕ್ಕು ತೆರವಾಗಿದೆ?

ಬೇರೆ ಬೇರೆ ಸೇವೆಗಳ ಉಪಗ್ರಹಗಳು ಆಕಾಶದಲ್ಲಿ ಬೇರೆ ಬೇರೆ ಕಡೆ ಇವೆ. ಟಾಟಾ ಪ್ಲೇ 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಡಿ2ಎಚ್ 88ರಲ್ಲಿ, ಫ್ರೀ ಡಿಶ್ 93.5ರಲ್ಲಿ, ಡಿಶ್ ಟಿವಿ 95ರಲ್ಲಿ, ಏರ್‌ಟೆಲ್ 108.2ರಲ್ಲಿ. ಈ ಅಂಕಿಗಳು ನಮ್ಮ ಅಂಗಳದ ತೆಂಗು, ಅಡಿಕೆ ಮರಗಳಿಗೆ ನೇರವಾಗಿ ಸಂಬಂಧಿಸಿವೆ.

ಕಾಸರಗೋಡಿನಿಂದ ನೋಡಿದರೆ 83 ಡಿಗ್ರಿಯ ಉಪಗ್ರಹ ಆಗ್ನೇಯಕ್ಕಿಂತ ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 72 ಡಿಗ್ರಿ ಎತ್ತರದಲ್ಲಿ, ಬಹುತೇಕ ನೆತ್ತಿಯ ಬಳಿಯಲ್ಲಿದೆ. 93.5ರದು ಸುಮಾರು 64 ಡಿಗ್ರಿ ಎತ್ತರದಲ್ಲಿದೆ. 108.2ರದು ಪೂರ್ವದ ಕಡೆ ಹೆಚ್ಚು ಸರಿದು, 50 ಡಿಗ್ರಿಗಿಂತ ತುಸು ಕೆಳಗೆ ಸಿಗುತ್ತದೆ. ಸೊಲ್ಲಾಪುರದಲ್ಲಿ ಇವೆಲ್ಲ ಕೆಲವು ಡಿಗ್ರಿ ತಗ್ಗುತ್ತವೆ, ಅಷ್ಟೇ. ಹೀಗಾಗಿ ಮನೆಯ ಪೂರ್ವಕ್ಕೆ ಎತ್ತರದ ತೋಟವಿದ್ದರೆ, ಅಥವಾ ನೀಲಗಿರಿಯಲ್ಲಿ ಪೂರ್ವಕ್ಕೆ ಬೆಟ್ಟ ಎದ್ದುನಿಂತ ಇಳಿಜಾರಿನಲ್ಲಿ ಮನೆಯಿದ್ದರೆ, ಎತ್ತರದಲ್ಲಿರುವ ಉಪಗ್ರಹದ ಸೇವೆಯೇ ಕ್ಷೇಮ. ಪಶ್ಚಿಮದ ಮರಗಳು ಯಾವ ಸೇವೆಗೂ ಅಡ್ಡಿಯಲ್ಲ, ಅವನ್ನು ಕಡಿಯಬೇಕಿಲ್ಲ. ಇನ್ನೊಂದು ಮಾತು: ಡಿಶ್ ನೆಟ್ಟಗೆ ನಿಂತಂತೆ ಕಂಡರೂ ಅದು ನೋಡುವುದು ಕಾಣುವುದಕ್ಕಿಂತ 20 ಡಿಗ್ರಿಗೂ ಹೆಚ್ಚು ಮೇಲಕ್ಕೆ. ಕಣ್ಣಂದಾಜಿನಿಂದ ಮರವನ್ನು ದೂಷಿಸುವ ಮುನ್ನ ಇದು ನೆನಪಿರಲಿ.

ಈ ಸೇವೆಗಳು ಬಳಸುವ ಕೆಯು ಬ್ಯಾಂಡ್ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ. ಆಷಾಢದಲ್ಲಿ ಕಾಸರಗೋಡು, ವಯನಾಡುಗಳಲ್ಲಿ ಚಿತ್ರ ಒಡೆದು ನಿಲ್ಲುವುದಕ್ಕೆ ಇದೇ ಕಾರಣ. ಬಾಕ್ಸ್ ಕೆಟ್ಟಿತೆಂದು ಬದಲಿಸಿದರೆ ಪ್ರಯೋಜನವಿಲ್ಲ. ಸಾಮಾನ್ಯವಾದ 60 ಸೆಂಟಿಮೀಟರ್ ಡಿಶ್ ಬದಲಿಗೆ 90 ಸೆಂಟಿಮೀಟರಿನದನ್ನು ಹಾಕಿದರೆ ಹೆಚ್ಚು ಮಳೆಯನ್ನು ತಾಳುತ್ತದೆ. ತಂತಿ ಕೂಡುವ ಜಾಗಕ್ಕೆ ನೀರಿಳಿಯದಂತೆ ಸುತ್ತಿಸುವುದು ಅಷ್ಟೇ ಮುಖ್ಯ. ಬಯಲುಸೀಮೆಯ ಜತ್ತ, ಅಕ್ಕಲಕೋಟೆ, ರಾಯದುರ್ಗಗಳಲ್ಲಿ ಚಿಕ್ಕ ಡಿಶ್ ಸಾಕು.

ಪ್ಯಾಕ್ ನಿಮ್ಮ ಆಯ್ಕೆ

2019ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಟ್ರಾಯ್ ವ್ಯವಸ್ಥೆಯಂತೆ ವೀಕ್ಷಕನು ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಬಹುದು. ಗುಂಪಾಗಿಯೇ ಕೊಳ್ಳಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಬಿಲ್ಲಿನಲ್ಲಿ ಎರಡು ಭಾಗಗಳಿರುತ್ತವೆ: ಸಂಪರ್ಕಕ್ಕೆ ಕೊಡುವ ನೆಟ್‌ವರ್ಕ್ ಶುಲ್ಕ ಮತ್ತು ಪೇ ಚಾನೆಲ್‌ಗಳ ಬೆಲೆ. ನೆಟ್‌ವರ್ಕ್ ಶುಲ್ಕಕ್ಕಿದ್ದ ಮಿತಿಯನ್ನು 2024ರಲ್ಲಿ ತೆಗೆದುಹಾಕಿರುವುದರಿಂದ ಅದನ್ನು ಕಂಪನಿಯಿಂದ ಕಂಪನಿಗೆ ಹೋಲಿಸಬೇಕು. ಚಂದನದಂತಹ ಉಚಿತ ವಾಹಿನಿಗಳಿಗೆ ಪ್ರತ್ಯೇಕ ಬೆಲೆಯಿಲ್ಲ. ಕನ್ನಡ ಪ್ಯಾಕ್ ಹಾಕಿಸಿಕೊಂಡು, ಊರಿನ ಸುದ್ದಿಗಾಗಿ ಮಲಯಾಳಂ, ಮರಾಠಿ, ತಮಿಳು ಅಥವಾ ತೆಲುಗಿನ ಒಂದೆರಡನ್ನು ಬಿಡಿಯಾಗಿ ಸೇರಿಸಿಕೊಳ್ಳುವುದು ಗಡಿನಾಡಿನ ಮನೆಗೆ ಒಪ್ಪುವ ಕ್ರಮ. ನಮಗೆ ಎರಡು ಭಾಷೆಗಳೂ ಬೇಕು.

ಆದುದರಿಂದ ಮುಂಗಡ ಕೊಡುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿ. ನಮ್ಮ ಕನ್ನಡ ವಾಹಿನಿಗಳೆಲ್ಲ ಈ ಸೇವೆಯಲ್ಲಿ ಇವೆಯೇ? ನೆಟ್‌ವರ್ಕ್ ಶುಲ್ಕವೂ ತೆರಿಗೆಯೂ ಸೇರಿ ತಿಂಗಳಿಗೆ ಎಷ್ಟಾಗುತ್ತದೆ? ಡಿಶ್ ನೋಡುವ ದಿಕ್ಕು ನಮ್ಮ ಮನೆಯಿಂದ ತೆರವಾಗಿದೆಯೇ? ದುರಸ್ತಿಗೆ ಬರುವವರು ಯಾವ ಊರಿನಿಂದ ಬರುತ್ತಾರೆ? ಉತ್ತರ ಸಿಕ್ಕ ಮೇಲೆ, ಜೋಡಿಸಿದವರು ಹೊರಡುವ ಮುನ್ನವೇ ಚಂದನವನ್ನು ಹಾಕಿ ತೋರಿಸಲು ಹೇಳಿ. ಆ ಹೊತ್ತಿನಲ್ಲಿ ಮನೆಯ ಹಿರಿಯರೂ ಎದುರಿಗೆ ಕುಳಿತಿರಲಿ. ರಿಮೋಟಿನಲ್ಲಿ ಒತ್ತಬೇಕಾದ ಅಂಕಿಯನ್ನು ಕನ್ನಡದಲ್ಲಿ ಬರೆದು ಟಿವಿಯ ಬದಿಗೆ ಅಂಟಿಸಿಡಿ.