ಹಳೇ ಸೈಕಲ್ ಮಾರುವಾಗ ನ್ಯಾಯವಾದ ಬೆಲೆ ಕಟ್ಟೋದು ಹೇಗೆ?



ಗುಂಡ್ಲುಪೇಟೆ, ಚಾಮರಾಜನಗರ ಕಡೆಯ ನಮ್ಮ ಹಳ್ಳಿಗಳಲ್ಲಿ ಜಗಲಿ ಮೇಲೋ ಕೊಟ್ಟಿಗೆ ಮೂಲೆಯಲ್ಲೋ ಸುಮ್ಮನೆ ನಿಂತಿರುವ ಸೈಕಲ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಕೋವಿಡ್ ಬಂದ ಮೇಲೆ ಅದು ನಿಂತಿತು. ಆಗ ಸೈಕಲ್ ಪಡೆದ ಮಕ್ಕಳು ಹೈಸ್ಕೂಲ್ ಮುಗಿಸಿ ವರ್ಷಗಳಾದವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸೂ ಉಚಿತವಾಯಿತು. ಸೈಕಲ್ ಮೂಲೆ ಸೇರಿತು.

ಒಂದು ದಿನ ಗುಜರಿಯವರು ಬಾಗಿಲಿಗೆ ಬರುತ್ತಾರೆ. "ಏನಕ್ಕ, ತುಕ್ಕು ಹಿಡಿದದೆ, ಮುನ್ನೂರು ಕೊಡ್ತೀನಿ ಬುಡಕ್ಕ" ಅನ್ನುತ್ತಾರೆ. ಜಾಗ ಖಾಲಿಯಾದರೆ ಸಾಕು ಅಂತ ನಾವೂ ಕೊಟ್ಟುಬಿಡುತ್ತೇವೆ. ಆದರೆ ಓಡುವ ಸೈಕಲ್ಲನ್ನು ಕಬ್ಬಿಣದ ತೂಕಕ್ಕೆ ಕೊಟ್ಟರೆ ನಮಗೆ ನಷ್ಟ. ಬೆಲೆ ಕಟ್ಟುವುದು ಕಷ್ಟದ ಕೆಲಸವಲ್ಲ. ಸಂಘದ ಲೆಕ್ಕ ಬರೆಯುವ ನಮಗೆ ಇದೂ ಬರುತ್ತದೆ.

1. ಹೊಸದರ ಇವತ್ತಿನ ಬೆಲೆ ಕೇಳಿ

ನಾವು ಅಂದು ಎಷ್ಟು ಕೊಟ್ಟು ತಂದೆವು, ಈಗ ನಮಗೆಷ್ಟು ದುಡ್ಡು ಬೇಕು ಎಂಬುದರ ಮೇಲೆ ಬೆಲೆ ನಿಲ್ಲುವುದಿಲ್ಲ. ಕೊಳ್ಳುವವರು ಅಂಥದೇ ಹೊಸ ಸೈಕಲ್ಲಿಗೆ ಇವತ್ತು ಅಂಗಡಿಯಲ್ಲಿ ಎಷ್ಟು ಕೊಡಬೇಕು ಅಂತ ನೋಡುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಆದ್ದರಿಂದ ಹಳೇ ಬಿಲ್ಲು ನೋಡಿ ಬೆಲೆ ಹೇಳಬೇಡಿ. ಪೇಟೆಗೆ ಹೋದಾಗ ಎರಡು ಸೈಕಲ್ ಅಂಗಡಿಯಲ್ಲಿ ವಿಚಾರಿಸಿ.

2. ಸೈಕಲ್ಲನ್ನು ಚೆನ್ನಾಗಿ ನೋಡಿ

ಮೊದಲು ಫ್ರೇಮು ನೋಡಿ. ಅದು ಬಿರುಕು ಬಿಟ್ಟಿದ್ದರೆ, ಬೆಸುಗೆ ಹಾಕಿಸಿದ್ದರೆ ಬೆಲೆ ಬಹಳ ಇಳಿಯುತ್ತದೆ. ಆಮೇಲೆ ಚಕ್ರ ಎತ್ತಿ ತಿರುಗಿಸಿ, ಓಲಾಡುತ್ತದೆಯೇ ನೋಡಿ. ಟೈರು ಸವೆದಿದೆಯೇ? ಚೈನು ಜಾರುತ್ತದೆಯೇ? ಬ್ರೇಕು ಹಿಡಿಯುತ್ತದೆಯೇ? ಮೇಲೆ ಕಾಣುವ ಸ್ವಲ್ಪ ತುಕ್ಕು ದೊಡ್ಡ ದೋಷವಲ್ಲ. ರಿಪೇರಿಗೆ ಎಷ್ಟಾದೀತು ಅಂತ ಸೈಕಲ್ ಶಾಪಿನವರನ್ನು ಕೇಳಿ ಬರೆದಿಟ್ಟುಕೊಳ್ಳಿ.

3. ಲೆಕ್ಕ ಹಾಕಿ

ಉದಾಹರಣೆಗೆ, ಅಂಥ ಹೊಸ ಸೈಕಲ್ಲಿಗೆ 5,200 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕೈದು ವರ್ಷ ತುಳಿದ, ಫ್ರೇಮು ಗಟ್ಟಿಯಾಗಿರುವ ಸೈಕಲ್ಲಿಗೆ ಅರ್ಧ ಹಿಡಿಯೋಣ.

ಅರ್ಧ ಬೆಲೆ: 2,600
ಹಿಂದಿನ ಟೈರು, ಟ್ಯೂಬು: 450 ಕಳೆಯಿರಿ
ಚೈನು: 200 ಕಳೆಯಿರಿ
ಬ್ರೇಕ್ ರಬ್ಬರು: 50 ಕಳೆಯಿರಿ
ಉಳಿದದ್ದು: 1,900 ರೂಪಾಯಿ

ಇದು ನ್ಯಾಯವಾದ ಬೆಲೆ. ಚೌಕಾಸಿಗೆ ಜಾಗ ಬಿಟ್ಟು 2,100 ಹೇಳಿ. 1,800ಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಅದೇ ಸೈಕಲ್ 16 ಕೆ.ಜಿ. ತೂಗಿ, ಗುಜರಿಯಲ್ಲಿ ಕೆ.ಜಿ.ಗೆ 25 ರೂಪಾಯಿ ಸಿಕ್ಕರೆ ಬರುವುದು 400 ಮಾತ್ರ. 1,900ಕ್ಕೂ 400ಕ್ಕೂ ವ್ಯತ್ಯಾಸ 1,500. ವಾರಕ್ಕೆ 50 ರೂಪಾಯಿ ಉಳಿತಾಯ ಕಟ್ಟುವ ಸದಸ್ಯೆಗೆ ಅದು 30 ವಾರದ ಉಳಿತಾಯ! ಫ್ರೇಮೇ ಮುರಿದುಹೋದ ಸೈಕಲ್ಲಿಗೆ ಮಾತ್ರ ಗುಜರಿ ಸರಿ. ಆಗಲೂ ತೂಕ ನಮ್ಮ ಕಣ್ಣೆದುರೇ ಆಗಲಿ.

4. ಅವಸರದಲ್ಲಿ ಮಾರಬೇಡಿ

ಆಸ್ಪತ್ರೆಗೋ ಫೀಸಿಗೋ ದುಡ್ಡು ಬೇಕಾದಾಗಲೇ ನಾವು ಕೈಗೆ ಸಿಕ್ಕಿದ್ದನ್ನು ಬಂದಷ್ಟಕ್ಕೆ ಮಾರೋದು. ನಮ್ಮ ಅವಸರ ಕೊಳ್ಳುವವರಿಗೆ ಗೊತ್ತಾದರೆ ಬೆಲೆ ಅಲ್ಲೇ ಬಿದ್ದುಹೋಗುತ್ತದೆ. ಅಂಥ ಹೊತ್ತಿಗೇ ಅಲ್ಲವೇ ಸಂಘ ಇರುವುದು? ಸಂಘದಿಂದ 1,000 ರೂಪಾಯಿ ಸಾಲ ಪಡೆದರೆ, ತಿಂಗಳಿಗೆ ಶೇಕಡಾ 2ರಂತೆ ಬಡ್ಡಿ 20 ರೂಪಾಯಿ. ಆ ಒಂದು ತಿಂಗಳಲ್ಲಿ ಒಳ್ಳೆ ಗಿರಾಕಿ ಸಿಕ್ಕರೆ ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ತಡೆಯಲು ಆಗುವಂತಿದ್ದರೆ ಮೇ ಕೊನೆ, ಜೂನ್ ಶುರುವಿನಲ್ಲಿ ಮಾರಿ. ಶಾಲೆ ತೆರೆಯುವ ಆ ಹೊತ್ತಿನಲ್ಲಿ ಸೈಕಲ್ ಹುಡುಕುವ ಅಪ್ಪ-ಅಮ್ಮಂದಿರು ಇರುತ್ತಾರೆ.

5. ಕೊಳ್ಳುವವರಿಗೂ ನ್ಯಾಯ ಇರಲಿ

ನಮ್ಮಿಂದ ಹಳೇ ಸೈಕಲ್ ಕೊಳ್ಳುವವರೂ ನಮ್ಮಂತೆ ಕೂಲಿನಾಲಿ ಮಾಡುವವರೇ. ಬ್ರೇಕು ಹಿಡಿಯುವುದಿಲ್ಲ ಎನ್ನುವುದನ್ನು ಮುಚ್ಚಿಟ್ಟರೆ ನಾಳೆ ಬೀಳುವುದು ಇನ್ನೊಬ್ಬ ತಾಯಿಯ ಮಗು. ಇರುವ ದೋಷ ಹೇಳಿಬಿಡಿ. "ಇದಕ್ಕೇ 700 ಕಳೆದಿದ್ದೀನಿ ಕಣಕ್ಕ" ಅಂತ ಚೀಟಿ ತೋರಿಸಿದರೆ ಚೌಕಾಸಿಯೂ ಕಡಿಮೆ. ಮಾರುವ ಮುಂಚೆ ಒರೆಸಿ, ಗಾಳಿ ತುಂಬಿಸಿ, ಚೈನಿಗೆ ಎಣ್ಣೆ ಬಿಡಿ, ಅಷ್ಟು ಸಾಕು. ಹೊಸ ಟೈರು ಹಾಕಿಸಲು ಹೋಗಬೇಡಿ, ಆ ದುಡ್ಡು ಪೂರ್ತಿ ವಾಪಸ್ ಬರೋದು ಕಷ್ಟ.

6. ಚೀಟಿ ಬರೆದುಕೊಡಿ

ತಾರೀಖು, ಇಬ್ಬರ ಹೆಸರು, ಬೆಲೆ, ಫ್ರೇಮಿನ ಮೇಲೆ ಒತ್ತಿರುವ ನಂಬರು ಬರೆದು ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ. ಕದ್ದ ಮಾಲೆಂದು ಗೊತ್ತಿದ್ದೂ ಕೊಳ್ಳುವುದು ಅಪರಾಧ. ಚೀಟಿ ಇದ್ದರೆ ಕೊಂಡವರಿಗೂ ಧೈರ್ಯ, ನಮಗೂ ಧೈರ್ಯ. ಫೋನಿನಲ್ಲಿ ಹಣ ಹಾಕಿದರೆ, ನಮ್ಮ ಖಾತೆಗೆ ಬಂದಿದೆಯೇ ಅಂತ ನಾವೇ ನೋಡಿ ಆಮೇಲೆ ಸೈಕಲ್ ಕೊಡೋಣ. ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯವೇ ಇಲ್ಲ. ಯಾರಾದರೂ ಒತ್ತಿ ಅಂದರೆ ಅದು ಮೋಸ.

ಇನ್ನೊಂದು ಮಾತು. ಸೈಕಲ್ ಮಗಳಿಗೆ ಬಂದದ್ದಾದರೆ ಮಾರುವ ಮುಂಚೆ ಅವಳನ್ನು ಒಂದು ಮಾತು ಕೇಳಿ. ಬಂದ ಹಣ ಅವಳ ಪುಸ್ತಕಕ್ಕೋ ಪರೀಕ್ಷೆ ಫೀಸಿಗೋ ಆದರೆ ಓದಿಗೆಂದು ಬಂದ ಸೈಕಲ್ ಓದಿಗೇ ಆದಂತೆ.

ಮುಂದಿನ ಸಭೆಯಲ್ಲಿ ಚರ್ಚಿಸಿ:

- ನಮ್ಮ ಸಂಘದಲ್ಲಿ ಯಾರ ಮನೆಯಲ್ಲಿ ಸೈಕಲ್ ಸುಮ್ಮನೆ ನಿಂತಿದೆ? ಯಾರ ಮಗುವಿಗೆ ಬೇಕಾಗಿದೆ?
- ಬೆಲೆ ವಿಚಾರಿಸಲು ಪೇಟೆಗೆ ಯಾರಿಬ್ಬರು ಹೋಗಿ ಬರುತ್ತಾರೆ?
- ಹೊಲಿಗೆ ಯಂತ್ರ, ಗ್ರೈಂಡರ್ ಮಾರುವಾಗಲೂ ಇದೇ ಲೆಕ್ಕ ಹಾಕಬಹುದೇ?